ಒಂದೇ ಫೈಲ್, ಹಲವು ಓದು

‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಬರ್ತಿದೆಯಲ್ಲ!’

ಕಾಲೇಜಿನ ಲ್ಯಾಬ್ ಇರಲಿ, ಸರ್ಕಾರಿ ಕಚೇರಿ ಇರಲಿ, ಸಾಫ್ಟ್‌ವೇರ್ ಕಂಪನಿ ಇರಲಿ, ದತ್ತಾಂಶದ ಕೆಲಸ ನಡೆಯುವ ಕಡೆಯೆಲ್ಲ ಈ ಮಾತು ಕೇಳಿಸುತ್ತದೆ. ಹೇಳಿದವರು ಸುಳ್ಳು ಹೇಳುತ್ತಿರುವುದಿಲ್ಲ. ಅದೇ ಫೈಲ್ ತಮ್ಮ ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿದೆ ಎನ್ನುವವರ ಮಾತೂ ನಿಜವೇ. ಇಬ್ಬರೂ ಸರಿಯಿದ್ದು ಕೆಲಸ ಮಾತ್ರ ನಿಂತಿರುತ್ತದೆ. ಆಮೇಲೆ ಫೈಲನ್ನು ಮತ್ತೆ ಕಳಿಸುವುದು, ಮತ್ತೆ ತೆರೆಯುವುದು, ಕೊನೆಗೆ ಯಾರೋ ಒಬ್ಬರು ಕೂತು ಸಾಲು ಸಾಲಾಗಿ ಕೈಯಿಂದ ತಿದ್ದುವುದು. ಈ ಕೈತಿದ್ದುಪಡಿಯಲ್ಲೇ ಹೊಸ ತಪ್ಪುಗಳು ನುಸುಳುತ್ತವೆ. ಇದನ್ನು ಕಂಪ್ಯೂಟರಿನ ಹಣೆಬರಹವೆಂದು ಸಹಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಇದಕ್ಕೆ ಕಾರಣಗಳಿವೆ, ಅವುಗಳನ್ನು ಕ್ರಮವಾಗಿ ಪತ್ತೆಹಚ್ಚಬಹುದು, ಮತ್ತೆ ಬಾರದಂತೆ ತಡೆಯಲೂಬಹುದು.

ಮಾತಿಗೆ ಒಂದು ಸಾಲನ್ನು ಇಟ್ಟುಕೊಳ್ಳೋಣ. ಅನುದಾನ ಬಿಡುಗಡೆಯ ಪಟ್ಟಿಯೊಂದರಲ್ಲಿ ಇರಬಹುದಾದಂಥ ಸಾಲು:

0417,ಕೋಲಾರ,03/04/2024,1,25,000

ಬರೆದವರ ಲೆಕ್ಕದಲ್ಲಿ ಇಲ್ಲಿರುವುದು ನಾಲ್ಕು ಕಾಲಂ: ಕಡತದ ಸಂಖ್ಯೆ, ಊರು, ದಿನಾಂಕ, ಮೊತ್ತ. ಪ್ರತಿ ಕಾಲಮ್ಮಿನ ನಡುವೆ ಒಂದು ಕಾಮಾ. ಈ ಬಗೆಯ ಫೈಲಿಗೆ ಸಿಎಸ್‌ವಿ ಎನ್ನುತ್ತಾರೆ. ಯಾವ ಕಂಪನಿಯ ತಂತ್ರಾಂಶದಲ್ಲಿ ಬೇಕಾದರೂ ತೆರೆಯಬಹುದು, ಬರಿಗಣ್ಣಿನಿಂದಲೂ ಓದಬಹುದು ಎಂಬ ಕಾರಣಕ್ಕೆ ಜಗತ್ತಿನಾದ್ಯಂತ ದತ್ತಾಂಶ ಕೊಟ್ಟು ತೆಗೆದುಕೊಳ್ಳಲು ಇದೇ ಬಳಕೆಯಲ್ಲಿದೆ. ಆದರೆ ಮೇಲಿನ ಸಾಲಿನಲ್ಲಿ 0417 ಇದ್ದದ್ದು ಒಂದು ಕಂಪ್ಯೂಟರಿನಲ್ಲಿ 417 ಆಗುತ್ತದೆ. ಇನ್ನೊಂದರಲ್ಲಿ ಕೋಲಾರ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಮತ್ತೊಂದರಲ್ಲಿ ಏಪ್ರಿಲ್ 3 ಹೋಗಿ ಮಾರ್ಚ್ 4 ಆಗುತ್ತದೆ. ಒಂದೂಕಾಲು ಲಕ್ಷದ ಮೊತ್ತವಂತೂ ಎಲ್ಲ ಕಡೆಯೂ ಮೂರು ಕಾಲಮ್ಮಿಗೆ ಹರಡಿ, ಮೊತ್ತದ ಜಾಗದಲ್ಲಿ ಬರೀ 1 ಉಳಿಯುತ್ತದೆ. ನಾಲ್ಕು ಕಾಲಮ್ಮಿನ ಒಂದು ಸಾಲಿನಲ್ಲೇ ಇಷ್ಟು.

ಫೈಲಿನಲ್ಲಿ ಏನು ಇರುವುದಿಲ್ಲ

ಇದೆಲ್ಲದರ ಬೇರು ಒಂದೇ. ಫೈಲಿನೊಳಗೆ ಇರುವುದು ಅಕ್ಷರವೂ ಅಲ್ಲ, ದಿನಾಂಕವೂ ಅಲ್ಲ, ಹಣವೂ ಅಲ್ಲ. ಅಲ್ಲಿರುವುದು 0ಯಿಂದ 255ರವರೆಗಿನ ಸಂಖ್ಯೆಗಳ ಸಾಲು. ಒಂದೊಂದು ಸಂಖ್ಯೆಗೂ ಬೈಟ್ ಎಂದು ಹೆಸರು. ಆ ಸಂಖ್ಯೆಗಳನ್ನು ಹೇಗೆ ಓದಬೇಕೆಂಬ ನಿಯಮ ಸಿಎಸ್‌ವಿ ಫೈಲಿನ ಒಳಗೆ ಎಲ್ಲೂ ಬರೆದಿರುವುದಿಲ್ಲ. ಯಾವ ಲಿಪಿಸಂಕೇತ, ದಿನ ಮೊದಲೋ ತಿಂಗಳು ಮೊದಲೋ, ಸಾಲು ಎಲ್ಲಿ ಮುಗಿಯಿತು ಎಂಬುದನ್ನೆಲ್ಲ ತೆರೆಯುವ ತಂತ್ರಾಂಶವೇ ಊಹಿಸುತ್ತದೆ. ಊಹಿಸಲು ಅದು ನೋಡುವುದು ತಾನಿರುವ ಕಂಪ್ಯೂಟರಿನ ಸೆಟ್ಟಿಂಗನ್ನು. ನಿಮ್ಮ ಸೆಟ್ಟಿಂಗ್ ಬೇರೆ, ನನ್ನ ಸೆಟ್ಟಿಂಗ್ ಬೇರೆ ಆದಾಗ ಊಹೆಯೂ ಬೇರೆಯಾಗುತ್ತದೆ.

ಸಿಎಸ್‌ವಿ ದಶಕಗಳಿಂದ ಬಳಕೆಯಲ್ಲಿದ್ದರೂ ಅದರ ರೂಪವನ್ನು ವಿವರಿಸುವ ಆರ್‌ಎಫ್‌ಸಿ 4180 ಎಂಬ ದಾಖಲೆ ಹೊರಬಂದದ್ದು 2005ರ ಅಕ್ಟೋಬರಿನಲ್ಲಿ. ಅದೂ ಮಾಹಿತಿಗಾಗಿ ಬರೆದ ದಾಖಲೆ, ಎಲ್ಲರೂ ಪಾಲಿಸಲೇಬೇಕಾದ ಕಟ್ಟಳೆಯಲ್ಲ. ಕಾಲಮ್ಮಿನ ಒಳಗೇ ಕಾಮಾ ಇದ್ದರೆ ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು ಎಂದು ಅದು ಹೇಳುತ್ತದೆ. ನಮ್ಮ ಸಾಲಿನ 1,25,000 ಚೂರಾದದ್ದು ಈ ಚಿಹ್ನೆ ಇಲ್ಲದ್ದರಿಂದ. ಲಕ್ಷ, ಕೋಟಿ ಲೆಕ್ಕದಲ್ಲಿ ಕಾಮಾ ಹಾಕಿ ಬರೆಯುವುದೂ, ವಿಳಾಸದಲ್ಲಿ ಮನೆ ನಂಬರು, ಅಡ್ಡರಸ್ತೆ, ಬಡಾವಣೆಗೆಲ್ಲ ಕಾಮಾ ಹಾಕುವುದೂ ನಮ್ಮ ರೂಢಿ. ಹೀಗಾಗಿ ನಮ್ಮ ಪಟ್ಟಿಗಳಲ್ಲಿ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ. ಜರ್ಮನಿ, ಫ್ರಾನ್ಸ್‌ನಂಥ ದೇಶಗಳಲ್ಲಿ ದಶಮಾಂಶದ ಜಾಗಕ್ಕೇ ಕಾಮಾ ಬಳಸುತ್ತಾರೆ. ಆದ್ದರಿಂದ ಅಲ್ಲಿನ ಸೆಟ್ಟಿಂಗ್ ಇರುವ ಎಕ್ಸೆಲ್ ಸಿಎಸ್‌ವಿಯನ್ನು ಉಳಿಸುವಾಗ ಕಾಲಂಗಳ ನಡುವೆ ಅರ್ಧವಿರಾಮ ಹಾಕುತ್ತದೆ. ಆ ಫೈಲನ್ನು ಬೆಂಗಳೂರಿನಲ್ಲಿ ತೆರೆದರೆ ಇಡೀ ಸಾಲು ಒಂದೇ ಕಾಲಮ್ಮಿನಲ್ಲಿ ಮುದ್ದೆಯಾಗಿ ಕೂರುತ್ತದೆ.

ಸಾಲು ಮುಗಿಯುವ ಕಡೆ

ಕಣ್ಣಿಗೇ ಬೀಳದ ಭೇದವೊಂದು ಪ್ರತಿ ಸಾಲಿನ ಕೊನೆಯಲ್ಲಿದೆ. ಹಿಂದಿನ ಟೆಲಿಪ್ರಿಂಟರ್ ಯಂತ್ರಗಳಲ್ಲಿ ಹೊಸ ಸಾಲಿಗೆ ಹೋಗಲು ಎರಡು ಕೆಲಸ ಆಗಬೇಕಿತ್ತು. ಅಚ್ಚಿನ ತಲೆ ಎಡತುದಿಗೆ ಮರಳಬೇಕು, ಕಾಗದ ಒಂದು ಸಾಲು ಮೇಲೇರಬೇಕು. ಮೊದಲನೆಯದರ ಸಂಕೇತ 13, ಎರಡನೆಯದರದು 10. ಡಾಸ್ ಮತ್ತು ವಿಂಡೋಸ್ ಈ ಎರಡನ್ನೂ ಉಳಿಸಿಕೊಂಡವು. ಯುನಿಕ್ಸ್, ಅದರ ಹಾದಿಯಲ್ಲಿ ಬಂದ ಲಿನಕ್ಸ್ ಬರೀ 10 ಸಾಕೆಂದವು. ಹಳೆಯ ಮ್ಯಾಕ್ ಕಂಪ್ಯೂಟರುಗಳು ಬರೀ 13 ಹಾಕುತ್ತಿದ್ದವು. 2001ರಲ್ಲಿ ಬಂದ ಮ್ಯಾಕ್ ಓಎಸ್ 10ರಿಂದ ಅವೂ ಯುನಿಕ್ಸ್ ದಾರಿ ಹಿಡಿದವು. ವಿಂಡೋಸ್‌ನ ನೋಟ್‌ಪ್ಯಾಡ್‌ಗೆ ಬರೀ 10 ಇರುವ ಫೈಲನ್ನು ಸರಿಯಾಗಿ ಸಾಲು ಮುರಿದು ತೋರಿಸುವ ಶಕ್ತಿ ಬಂದದ್ದು 2018ರಲ್ಲಿ.

ಇದರಿಂದ ಆಗುವ ತೊಂದರೆ ವಿಚಿತ್ರವಾಗಿರುತ್ತದೆ. ವಿಂಡೋಸ್‌ನಲ್ಲಿ ತಯಾರಾದ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದಿದೆ ಎನ್ನಿ. ಲಿನಕ್ಸ್‌ನಲ್ಲಿರುವ ಶೆಲ್ ಸ್ಕ್ರಿಪ್ಟ್ ಅದನ್ನು ಓದಿದಾಗ 10ರ ಹತ್ತಿರ ಸಾಲು ಕತ್ತರಿಸುತ್ತದೆ, 13 ಮಾತ್ರ ‘ಹೌದು’ವಿನ ಬಾಲಕ್ಕೆ ಅಂಟಿಕೊಂಡೇ ಉಳಿಯುತ್ತದೆ. ಪರದೆಯಲ್ಲಿ ಕಾಣುವುದು ‘ಹೌದು’ವೇ, ಆದರೆ ಪ್ರೋಗ್ರಾಮಿನ ಪಾಲಿಗೆ ಅದು ಬೇರೆ ಪದ. ಹೋಲಿಕೆ ಸೋಲುತ್ತದೆ, ಅರ್ಹರ ಸಂಖ್ಯೆ ಸೊನ್ನೆ ಎಂಬ ಉತ್ತರ ಬರುತ್ತದೆ. ಎಲ್ಲ ಕಾಲಮ್ಮೂ ಸರಿಯಿದ್ದು ಕೊನೆಯದೊಂದೇ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಈ 13ನ್ನು. ವಿಂಡೋಸ್‌ನಲ್ಲಿ ಪೈಥಾನ್ ಬಳಸಿ ಸಿಎಸ್‌ವಿ ಬರೆದಾಗ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬಂದರೂ ಕಾರಣ ಇದೇ. ಫೈಲ್ ತೆರೆಯುವಾಗ ನ್ಯೂಲೈನ್ ಎಂಬ ಆಯ್ಕೆಯನ್ನು ಖಾಲಿ ಬಿಡಬೇಕೆಂದು ಹೇಳದಿದ್ದರೆ 13 ಎರಡೆರಡು ಸಲ ಬೀಳುತ್ತದೆ.

ತಂಡವಾಗಿ ಕೆಲಸ ಮಾಡುವವರು ಬಳಸುವ ಗಿಟ್ ತಂತ್ರಾಂಶವೂ ವಿಂಡೋಸ್‌ನಲ್ಲಿ ಫೈಲುಗಳನ್ನು ಇಳಿಸಿಕೊಳ್ಳುವಾಗ 10 ಇದ್ದಲ್ಲಿ 13 ಮತ್ತು 10 ಹಾಕುವಂತೆ ಸೆಟ್ ಆಗಿರಬಹುದು. ಯಾರೂ ಏನೂ ತಿದ್ದದಿದ್ದರೂ ಇಬ್ಬರ ಫೈಲ್ ಬೇರೆಯಾಗುವುದು ಹೀಗೆ. ಯಾವ ಬಗೆಯ ಫೈಲಿಗೆ ಯಾವ ಸಾಲುಕೊನೆ ಎಂದು ಗಿಟ್‌ಆಟ್ರಿಬ್ಯೂಟ್ಸ್ ಎಂಬ ಫೈಲಿನಲ್ಲಿ ಬರೆದಿಟ್ಟರೆ ಈ ಗೊಂದಲ ತಂಡದವರೆಲ್ಲರಿಗೂ ಒಟ್ಟಿಗೇ ಕೊನೆಯಾಗುತ್ತದೆ.

ಕನ್ನಡ ಕೆಡುವ ಬಗೆ

ಕನ್ನಡದಲ್ಲಿ ದತ್ತಾಂಶ ಇಡುವವರು ಚೆನ್ನಾಗಿ ತಿಳಿದಿರಬೇಕಾದದ್ದು ಲಿಪಿಸಂಕೇತದ ವಿಷಯ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಅದನ್ನು ಯುಟಿಎಫ್-8 ಎಂಬ ಪದ್ಧತಿಯಲ್ಲಿ ಫೈಲಿಗೆ ಬರೆದಾಗ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕ’ ಎಂಬುದು 224, 178, 149 ಆಗಿ ಕೂರುತ್ತದೆ. ಈ ಮೂರೂ ಸೇರಿ ಒಂದು ಅಕ್ಷರ ಎಂದು ತಿಳಿದ ತಂತ್ರಾಂಶ ‘ಕ’ ತೋರಿಸುತ್ತದೆ. ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ ವಿಂಡೋಸ್-1252 ಎಂಬ ಹಳೆಯ ಪಟ್ಟಿಯ ಪ್ರಕಾರ ಓದುವ ತಂತ್ರಾಂಶವಾದರೆ ಮೂರು ಬೈಟನ್ನೂ ಮೂರು ಬೇರೆ ಅಕ್ಷರವೆಂದು ತಿಳಿದು, ತಲೆಯ ಮೇಲೆ ಓರೆಗೀಟು ಇರುವ ರೋಮನ್ ಅಕ್ಷರ, ಎತ್ತರಿಸಿ ಬರೆದ ಸಣ್ಣ 2, ಒಂದು ದಪ್ಪ ಚುಕ್ಕಿ ತೋರಿಸುತ್ತದೆ. ಕನ್ನಡದ ಎಲ್ಲ ಸಂಕೇತಗಳೂ 224ರಿಂದಲೇ ಶುರುವಾಗುವುದರಿಂದ ಓರೆಗೀಟಿನ ಆ ಅಕ್ಷರ ಮೂರು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ವಿಂಡೋಸ್-1252 ಪಟ್ಟಿಯಲ್ಲಿ 129, 141 ಮೊದಲಾದ ಐದು ಸಂಖ್ಯೆಗಳಿಗೆ ಅಕ್ಷರವೇ ಇಲ್ಲ. ಕನ್ನಡದ ಉಕಾರದ ಗುರುತಿನ ಕೊನೆಯ ಬೈಟ್ 129, ಒತ್ತಕ್ಷರ ಕೂಡಿಸುವ ಹಲಂತದ ಕೊನೆಯ ಬೈಟ್ 141. ಈಗ ವಿಂಡೋಸ್‌ನಲ್ಲಿ, ಲಿಪಿಸಂಕೇತ ಯಾವುದೆಂದು ಹೇಳದೆ, ಪೈಥಾನ್‌ನಿಂದ ತಾಲ್ಲೂಕುಗಳ ಪಟ್ಟಿ ಓದಿಸಿದರೆ ಏನಾಗುತ್ತದೆ ನೋಡಿ. ‘ಕೋಲಾರ’ದಲ್ಲಿ ಉಕಾರವೂ ಇಲ್ಲ, ಒತ್ತಕ್ಷರವೂ ಇಲ್ಲ. ಹಾಗಾಗಿ ಅದು ತಪ್ಪಾಗಿ, ಆದರೆ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ಪಟ್ಟಿ ‘ಚಿಕ್ಕಬಳ್ಳಾಪುರ’ಕ್ಕೆ ಬಂದ ಕೂಡಲೇ ಹಲಂತ ಸಿಕ್ಕಿ ಪ್ರೋಗ್ರಾಂ ನಿಂತುಬಿಡುತ್ತದೆ, 141ನ್ನು ಓದಲಾರೆ ಎನ್ನುತ್ತದೆ. ಪ್ರೋಗ್ರಾಂ ನಿಂತದ್ದಕ್ಕೆ ಬೇಸರಪಡುವ ಬದಲು ಸಮಾಧಾನಪಡಬೇಕು, ಯಾಕೆಂದರೆ ನಿಂತ ಕಾರಣಕ್ಕೇ ಯಾರಾದರೂ ಹುಡುಕುತ್ತಾರೆ. ಬರೀ ‘ಕೋಲಾರ’ ಇರುವ ಫೈಲಿನ ತಪ್ಪು ಮುಂದಿನ ವರದಿಯವರೆಗೂ ಯಾರ ಕಣ್ಣಿಗೂ ಬೀಳದೆ ಸಾಗುತ್ತದೆ.

ಕೆಟ್ಟ ಕನ್ನಡ ಕಂಡಾಗ ಅದು ಯಾವ ಬಗೆಯ ಕೆಡುಕು ಎಂದು ಗುರುತಿಸುವುದನ್ನು ಕಲಿಯಬೇಕು. ಓರೆಗೀಟಿನ ಅಕ್ಷರ ಪದೇ ಪದೇ ಬರುತ್ತಿದ್ದರೆ ಹೆಚ್ಚಿನ ಪಾಲು ಫೈಲ್ ಸರಿಯಾಗಿಯೇ ಇದೆ, ಓದುವ ಕ್ರಮ ತಪ್ಪಾಗಿದೆ. ಆಗ ಉಳಿಸದೆ ಮುಚ್ಚಿ, ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆದರೆ ಸಾಕು. ಎಕ್ಸೆಲ್‌ನಲ್ಲಾದರೆ ಫೈಲಿನ ಮೇಲೆ ಎರಡು ಸಲ ಒತ್ತಿ ತೆರೆಯಬಾರದು. ಡೇಟಾ ಪಟ್ಟಿಯಿಂದ ಟೆಕ್ಸ್ಟ್ ಫೈಲನ್ನು ಒಳತರುವ ಆಯ್ಕೆಗೆ ಹೋಗಿ 65001 ಎಂಬ ಸಂಖ್ಯೆಯ ಯುಟಿಎಫ್-8 ಆರಿಸಬೇಕು. ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡು, ಯುಟಿಎಫ್-8 ಎಂದು ತೆರೆದರೂ ಅವು ಹಾಗೇ ಉಳಿದರೆ ವಿಷಯ ಬೇರೆ. ಕನ್ನಡವಿದ್ದ ಹಾಳೆಯನ್ನು ಯಾರೋ ಹಳೆಯ ಬಗೆಯ ಸಿಎಸ್‌ವಿಯಾಗಿ ಉಳಿಸಿದ್ದಾರೆ, ಅಕ್ಷರಗಳು ಅಳಿಸಿಹೋಗಿವೆ. ಯಾವ ಸಾಧನವೂ ಅವನ್ನು ಮರಳಿ ತರಲಾರದು, ಮೂಲ ಫೈಲನ್ನೇ ಹುಡುಕಬೇಕು. ಮೂರನೆಯ ಬಗೆ ನಮ್ಮಲ್ಲಿ ಇನ್ನೂ ರಾಶಿ ರಾಶಿ ಇದೆ: ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದ ಕಡತಗಳು. ಅಲ್ಲಿ ಕನ್ನಡದ ಆಕಾರ ಇದ್ದದ್ದು ಫಾಂಟಿನಲ್ಲಿ, ಫೈಲಿನೊಳಗಿದ್ದದ್ದು ರೋಮನ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಇವಕ್ಕೆ ಯುನಿಕೋಡ್‌ಗೆ ಬದಲಿಸುವ ಪರಿವರ್ತಕವೇ ಬೇಕು, ಬರೀ ಸೆಟ್ಟಿಂಗ್ ತಿದ್ದಿದರೆ ಆಗದು.

ಯುಟಿಎಫ್-8 ಫೈಲ್ ಎಂದು ಗುರುತಿಸಲು ಅನುಕೂಲವಾಗಲೆಂದು ಕೆಲವು ತಂತ್ರಾಂಶಗಳು ಫೈಲಿನ ಮೊದಲಿಗೇ 239, 187, 191 ಎಂಬ ಮೂರು ಬೈಟ್ ಹಾಕುತ್ತವೆ. 2016ರಿಂದ ಎಕ್ಸೆಲ್‌ನಲ್ಲಿರುವ ‘ಸಿಎಸ್‌ವಿ ಯುಟಿಎಫ್-8’ ಎಂಬ ಉಳಿಸುವ ಆಯ್ಕೆ ಮಾಡುವುದು ಇದನ್ನೇ. ಎಕ್ಸೆಲ್‌ಗೆ ಇದು ಉಪಕಾರಿ. ಆದರೆ ಇದರ ಅರಿವಿಲ್ಲದ ಪ್ರೋಗ್ರಾಂ ಆ ಗುರುತನ್ನು ಮೊದಲ ಕಾಲಮ್ಮಿನ ಹೆಸರಿಗೆ ಸೇರಿಸಿಕೊಂಡು, ಕಣ್ಣೆದುರೇ ಇರುವ ಕಾಲಮ್ಮನ್ನು ‘ಸಿಗುತ್ತಿಲ್ಲ’ ಎನ್ನುತ್ತದೆ. ಮೊದಲ ಕಾಲಂ ಒಂದೇ ಕಾಣೆಯಾದರೆ ಈ ಮೂರು ಬೈಟುಗಳನ್ನು ನೋಡಿ. ಪೈಥಾನ್‌ನಲ್ಲಿ ಇದನ್ನು ಕಳಚಿ ಓದಲೆಂದೇ ಯುಟಿಎಫ್-8-ಸಿಗ್ ಎಂಬ ಆಯ್ಕೆಯಿದೆ.

ಎರಡು ಕೋಲಾರ

ಎಲ್ಲರೂ ಯುಟಿಎಫ್-8 ಬಳಸಿದರೂ ಉಳಿಯುವ ತೊಡಕೊಂದಿದೆ. ‘ಕೋ’ ಎಂಬುದನ್ನು ಯುನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು. ‘ಕ’ದ ಮುಂದೆ ಓಕಾರದ ಒಂದೇ ಗುರುತು ಇಡಬಹುದು. ಇಲ್ಲವೇ ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರನ್ನೂ ಬಿಡಿಬಿಡಿಯಾಗಿ ಸಾಲಾಗಿಡಬಹುದು. ಪರದೆಯ ಮೇಲೆ ಎರಡೂ ಒಂದೇ. ಫೈಲಿನಲ್ಲಿ ಮೊದಲ ‘ಕೋಲಾರ’ 5 ಸಂಕೇತ, 15 ಬೈಟ್. ಎರಡನೆಯದು 7 ಸಂಕೇತ, 21 ಬೈಟ್. ಎರಡು ಪಟ್ಟಿಗಳನ್ನು ಊರಿನ ಹೆಸರಿನ ಮೇಲೆ ಜೋಡಿಸಲು ಹೊರಟರೆ ಕೋಲಾರ ಕೋಲಾರಕ್ಕೆ ಹೊಂದುವುದಿಲ್ಲ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಫೈಲುಗಳ ಹೆಸರನ್ನು ಈ ಬಿಡಿ ರೂಪದಲ್ಲೇ ಇಡುತ್ತಿತ್ತು. ಹೀಗಾಗಿ ಕನ್ನಡದಲ್ಲಿ ಹೆಸರಿಟ್ಟ ಫೈಲ್ ಮ್ಯಾಕ್‌ನಿಂದ ಬೇರೆ ಕಡೆಗೆ ಹೋದಾಗ ಹೆಸರು ಹಿಡಿದು ಹುಡುಕಿದರೂ ಸಿಗದೆ ಹೋಗಬಹುದು. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಕ್ಷರ ಆಗದಿರಲೆಂದು ನಾವು ಒತ್ತುವ ಕಾಣದ ಗುರುತೂ ಇದೇ ಕೀಟಲೆ ಮಾಡುತ್ತದೆ. ಒಬ್ಬರು ಅದನ್ನು ಎರಡು ಸಲ ಒತ್ತಿದರೆ ಪದ ಹಾಗೆಯೇ ಕಂಡರೂ ಬೇರೆಯಾಗುತ್ತದೆ. ಬಿಡಿ ರೂಪವೋ ಕೂಡು ರೂಪವೋ, ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್, ಜಾವಾದಂಥ ಭಾಷೆಗಳಲ್ಲಿ ಸಿದ್ಧವಾಗಿದೆ. ಕನ್ನಡ ಹೆಸರುಗಳ ಮೇಲೆ ಪಟ್ಟಿ ಜೋಡಿಸುವ ಪ್ರತಿ ಪ್ರೋಗ್ರಾಮಿನಲ್ಲೂ ಆ ಒಂದು ಸಾಲು ಇರಲೇಬೇಕು. ಕಾಣದ ಗುರುತುಗಳನ್ನು ಮಾತ್ರ ನಾವೇ ಬೇರೆಯಾಗಿ ಶುಚಿ ಮಾಡಬೇಕು.

ದಿನಾಂಕ, ಅಂಕಿ ಮತ್ತು ಬೇಡದ ಉಪಕಾರ

ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ 03/04/2024 ಎಂದರೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್ ಇದ್ದರೆ ಮಾರ್ಚ್ 4. ಹೊಸ ಲ್ಯಾಪ್‌ಟಾಪ್ ತಂದಾಗ ಅಮೆರಿಕದ ಸೆಟ್ಟಿಂಗನ್ನು ಬದಲಿಸದೆ ಬಿಟ್ಟವರು ನಮ್ಮಲ್ಲಿ ಬಹಳ. ಈ ತಪ್ಪನ್ನು ಪತ್ತೆಹಚ್ಚಲು ಸುಲಭದ ಉಪಾಯವಿದೆ. ಅಮೆರಿಕದ ಸೆಟ್ಟಿಂಗಿನಲ್ಲಿ 12ರವರೆಗಿನ ದಿನಗಳು ತಿಂಗಳಾಗಿ ಬದಲಾಗುತ್ತವೆ. 13 ಮತ್ತು ಅದರಾಚೆಯವು ದಿನಾಂಕವೇ ಅಲ್ಲವೆಂದು ಬರೀ ಅಕ್ಷರಗಳಾಗಿ ಉಳಿಯುತ್ತವೆ. ಎಕ್ಸೆಲ್ ದಿನಾಂಕವನ್ನು ಕೋಶದ ಬಲಕ್ಕೂ ಅಕ್ಷರವನ್ನು ಎಡಕ್ಕೂ ಒತ್ತರಿಸುತ್ತದೆ. ಒಂದೇ ಕಾಲಮ್ಮಿನ ದಿನಾಂಕಗಳು ಕೆಲವು ಬಲಕ್ಕೆ, ಕೆಲವು ಎಡಕ್ಕೆ ನಿಂತಿದ್ದರೆ ದಿನ ಮತ್ತು ತಿಂಗಳು ಅದಲುಬದಲಾಗಿವೆ ಎಂದೇ ಅನುಮಾನಿಸಬೇಕು.

ಇನ್ನು ಅಂಕಿಗಳು. 0417 ಸಂಖ್ಯೆಯೆಂದು ಭಾವಿಸಿ ಎಕ್ಸೆಲ್ ಮುಂದಿನ ಸೊನ್ನೆ ತೆಗೆಯುತ್ತದೆ. 12 ಅಂಕಿಯ ಆಧಾರ್ ಸಂಖ್ಯೆಯನ್ನು ವೈಜ್ಞಾನಿಕ ರೂಪಕ್ಕೆ ಕುಗ್ಗಿಸಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಕೊನೆಯ ಅಂಕಿಗಳು ಹೋದಂತೆಯೇ. 15ಕ್ಕಿಂತ ಹೆಚ್ಚು ಅಂಕಿಯಿದ್ದರೆ ಹೆಚ್ಚಿನವು ಸೊನ್ನೆಯಾಗುತ್ತವೆ. ಖಾತೆ ಸಂಖ್ಯೆ, ಫೋನ್, ಪಿನ್‌ಕೋಡ್, ನೋಂದಣಿ ಸಂಖ್ಯೆ ಇವೆಲ್ಲ ಕೂಡಿ ಕಳೆಯುವ ಅಂಕಿಗಳಲ್ಲ, ಗುರುತುಗಳು. ಒಳತರುವಾಗಲೇ ಇವುಗಳ ಕಾಲಂ ‘ಟೆಕ್ಸ್ಟ್’ ಎಂದು ಹೇಳಿಬಿಡಬೇಕು.

ಈ ಬೇಡದ ಉಪಕಾರ ವಿಜ್ಞಾನಕ್ಕೂ ಪೆಟ್ಟು ಕೊಟ್ಟಿದೆ. ಮಾನವ ವಂಶವಾಹಿಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್2 ಎಂಬಂಥ ಚುಟುಕು ಹೆಸರುಗಳಿದ್ದವು. ಎಕ್ಸೆಲ್ ಅವನ್ನು ಮಾರ್ಚ್ 1, ಸೆಪ್ಟೆಂಬರ್ 2 ಎಂಬ ದಿನಾಂಕಗಳಾಗಿ ಬದಲಿಸುತ್ತಿತ್ತು. 2016ರಲ್ಲಿ ಜೀನೋಮ್ ಬಯಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಎಕ್ಸೆಲ್‌ನಲ್ಲಿ ವಂಶವಾಹಿಗಳ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳ ಪೈಕಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಇಂಥ ತಪ್ಪು ಇದೆಯೆಂದು ತೋರಿಸಿತು. ಕೊನೆಗೆ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಆ ಹೆಸರುಗಳನ್ನು ಬದಲಿಸಿತು. ಇಂಥ ಗೊಂದಲ ತಪ್ಪಿಸಬೇಕೆಂಬ ಮಾತನ್ನು 2020ರ ಮಾರ್ಗಸೂಚಿಯಲ್ಲಿ ಸೇರಿಸಿತು. ಈ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ಬ್ರಿಟನ್ನಿನಲ್ಲಿ 2020ರಲ್ಲಿ ನಡೆದದ್ದು ಇನ್ನೂ ಗಂಭೀರ. ಪ್ರಯೋಗಾಲಯಗಳಿಂದ ಸಿಎಸ್‌ವಿ ಫೈಲುಗಳಲ್ಲಿ ಬರುತ್ತಿದ್ದ ಕೋವಿಡ್ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ರೂಪಕ್ಕೆ ತುಂಬುತ್ತಿತ್ತು. ಆ ರೂಪದಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ ಹಿಡಿಯುತ್ತದೆ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲಿ 10,48,576 ಸಾಲು ಹಿಡಿಯುತ್ತವೆ. ಹಳೆಯ ರೂಪದಲ್ಲಿ ಹಿಡಿಯದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದೈನಂದಿನ ಲೆಕ್ಕದಿಂದ ಹೊರಗುಳಿದರು. ಅವರಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಸೋಂಕು ಏರುತ್ತಿದ್ದ ಹೊತ್ತಿನಲ್ಲಿ ಕಳೆದ ಆ ದಿನಗಳ ಬೆಲೆ ತೆತ್ತವರು ಫೈಲ್ ತೆರೆದವರಲ್ಲ, ಸಾಮಾನ್ಯ ಜನ.

ಫೈಲ್ ಯಂತ್ರವೊಂದರಿಂದ ಇನ್ನೊಂದಕ್ಕೆ ಹೋಗುವಾಗ ಬರೆಯದೇ ಉಳಿದ ಮಾತು ಎಷ್ಟು ದುಬಾರಿ ಎಂಬುದಕ್ಕೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ದೊಡ್ಡ ಸಾಕ್ಷಿ. 1998ರ ಡಿಸೆಂಬರಿನಲ್ಲಿ ಹೊರಟ ಆ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ತಲುಪಿ ನಾಶವಾಯಿತು. ಭೂಮಿಯ ಮೇಲಿದ್ದ ಒಂದು ತಂತ್ರಾಂಶ ಬರೆಯುತ್ತಿದ್ದ ಫೈಲಿನಲ್ಲಿ ಸಣ್ಣ ತಳ್ಳುವಿಕೆಗಳ ಅಳತೆ ಪೌಂಡ್ ಲೆಕ್ಕದಲ್ಲಿತ್ತು, ಓದುವವರು ಅದನ್ನು ನ್ಯೂಟನ್ ಎಂದೇ ತಿಳಿದರು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ತನಿಖಾ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಪ್ರಯಾಣದ ಮೊದಲ ನಾಲ್ಕು ತಿಂಗಳು ಆ ಫೈಲುಗಳನ್ನು ಬಳಸಲು ಆಗಿರಲೇ ಇಲ್ಲ, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಫೈಲಿನ ರೂಪದ ದೋಷಗಳೂ ಇದ್ದವು. ರೂಪ ಸರಿಹೋದ ಮೇಲೂ ಅಳತೆಯ ತಪ್ಪು ಒಳಗೇ ಉಳಿದಿತ್ತು.

ಹುಡುಕುವ ಕ್ರಮ

ಹಾಗಾದರೆ ‘ನನ್ನಲ್ಲಿ ಸರಿಯಿದೆ, ನಿಮ್ಮಲ್ಲಿ ಇಲ್ಲ’ ಎಂಬ ಜಗಳ ಬಂದಾಗ ಎಲ್ಲಿಂದ ಶುರುಮಾಡಬೇಕು? ಮೊದಲು, ಬಂದ ಫೈಲಿನ ಪ್ರತಿಯೊಂದನ್ನು ಮುಟ್ಟದೆ ಬದಿಗಿಡಿ. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ ಫೈಲ್ ಸಾಕ್ಷಿಯಾಗಿ ಉಳಿಯುವುದಿಲ್ಲ.

ಎರಡನೆಯದಾಗಿ, ಎರಡೂ ಕಂಪ್ಯೂಟರಿನಲ್ಲಿರುವುದು ನಿಜಕ್ಕೂ ಒಂದೇ ಫೈಲೇ ಎಂದು ಖಾತ್ರಿ ಮಾಡಿಕೊಳ್ಳಿ. ಇದಕ್ಕೆ ಎಸ್‌ಎಚ್‌ಎ-256 ಎಂಬ ಲೆಕ್ಕವಿದೆ. ಫೈಲಿನ ಒಂದೇ ಒಂದು ಬೈಟ್ ಬದಲಾದರೂ ಅದು ಕೊಡುವ ಉದ್ದನೆಯ ಉತ್ತರ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಶಾಸಮ್ ಎಂಬ ಆದೇಶದಿಂದ ಇದನ್ನು ಪಡೆಯಬಹುದು. ಎರಡು ಕಡೆಯ ಉತ್ತರ ಒಂದೇ ಆದರೆ ಫೈಲ್ ನಿರ್ದೋಷಿ, ತಪ್ಪು ಓದುವ ಸೆಟ್ಟಿಂಗಿನಲ್ಲಿದೆ. ಬೇರೆಯಾದರೆ ಸಾಗಣೆಯ ದಾರಿಯಲ್ಲಿ ಯಾರೋ ಒಬ್ಬರು ಅಥವಾ ಯಾವುದೋ ತಂತ್ರಾಂಶ ಫೈಲನ್ನು ಬದಲಿಸಿದೆ. ಇಷ್ಟಾದರೆ ಹುಡುಕಾಟದ ಅರ್ಧ ಭಾಗ ಮುಗಿದಂತೆ. ಎಷ್ಟೋ ತಂಡಗಳು ಈ ಪ್ರಶ್ನೆಯನ್ನು ಕೇಳದೆಯೇ ದಿನಗಟ್ಟಲೆ ಕೋಡ್ ತಿದ್ದುತ್ತವೆ.

ಮೂರನೆಯದು, ಫೈಲಿನ ಗಾತ್ರ. ನಮ್ಮ ಮಾದರಿ ಸಾಲು 40 ಬೈಟ್. ಲಿನಕ್ಸ್‌ನ ಸಾಲುಕೊನೆ ಸೇರಿದರೆ 41, ವಿಂಡೋಸ್‌ನದು ಸೇರಿದರೆ 42, ಮೊದಲ ಮೂರು ಬೈಟಿನ ಗುರುತೂ ಇದ್ದರೆ 45. ಸಾವಿರ ಸಾಲಿನ ಎರಡು ಫೈಲುಗಳ ನಡುವೆ ಸರಿಯಾಗಿ ಸಾವಿರ ಬೈಟ್ ವ್ಯತ್ಯಾಸವಿದ್ದರೆ ಸಾಲುಕೊನೆಯೇ ಕಾರಣ. ಬರೀ 3 ಬೈಟ್ ಹೆಚ್ಚಿದ್ದರೆ ಆ ಗುರುತು. ಹೊಸ ನೋಟ್‌ಪ್ಯಾಡ್ ಆಗಲಿ ವಿಎಸ್ ಕೋಡ್ ಆಗಲಿ ಕಿಟಕಿಯ ಕೆಳತುದಿಯಲ್ಲಿ ಲಿಪಿಸಂಕೇತವನ್ನೂ ಸಾಲುಕೊನೆಯನ್ನೂ ತೋರಿಸುತ್ತವೆ. ಅಲ್ಲಿಗೂ ಬಗೆಹರಿಯದಿದ್ದರೆ ಬೈಟುಗಳನ್ನೇ ತೋರಿಸುವ ಹೆಕ್ಸ್ ವೀಕ್ಷಕದಲ್ಲಿ ಮೊದಲ ಒಂದೆರಡು ಸಾಲು ನೋಡಿ. ಕಣ್ಣಿಗೆ ಕಾಣುವುದನ್ನು ನಂಬುವ ಬದಲು ಬೈಟುಗಳನ್ನು ನಂಬುವುದು ಈ ಕೆಲಸದ ಮೂಲಪಾಠ.

ನಾಲ್ಕನೆಯದು, ತೊಂದರೆ ಕೆಲವೇ ಸಾಲುಗಳಲ್ಲಿದ್ದರೆ ಫೈಲನ್ನು ಅರ್ಧ ಮಾಡಿ ಓದಿಸಿ. ತಪ್ಪು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. ಹತ್ತು ಲಕ್ಷ ಸಾಲಿದ್ದರೂ ಇಪ್ಪತ್ತು ಸಲಕ್ಕೆ ತಪ್ಪಿದ ಸಾಲು ಕೈಗೆ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಅದೇ ತೊಂದರೆ ಮರಳುತ್ತದೆ.

ಬರೆದುಕೊಡುವ ಜವಾಬ್ದಾರಿ

ಪತ್ತೆಹಚ್ಚುವುದಕ್ಕಿಂತ ತಡೆಯುವುದು ಸುಲಭ. ಕಾರಣ ಊಹೆಯಾಗಿದ್ದರೆ ಮದ್ದು ಊಹೆಗೆ ಜಾಗ ಕೊಡದಿರುವುದು. ನಮ್ಮ ಸಾಲನ್ನು ಹೀಗೆ ಬರೆಯಬಹುದಿತ್ತು:

ಕೆ-0417,ಕೋಲಾರ,2024-04-03,125000

ಕಡತದ ಸಂಖ್ಯೆಗೆ ಒಂದು ಅಕ್ಷರ ಸೇರಿದ್ದರಿಂದ ಸೊನ್ನೆ ಉಳಿಯಿತು. ಬರೀ ಉದ್ಧರಣ ಚಿಹ್ನೆ ಹಾಕಿದ್ದರೆ ಎಕ್ಸೆಲ್ ಸೊನ್ನೆಯನ್ನು ಉಳಿಸುತ್ತಿರಲಿಲ್ಲ. ದಿನಾಂಕ ವರ್ಷ, ತಿಂಗಳು, ದಿನದ ಕ್ರಮದಲ್ಲಿದೆ. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಹೇಳುವ ಈ ಕ್ರಮದಲ್ಲಿ ಎರಡರ್ಥಕ್ಕೆ ಎಡೆಯಿಲ್ಲ. ಮೊತ್ತದಲ್ಲಿ ಕಾಮಾ ಇಲ್ಲ. ಓದುವವರಿಗೆ ಕಾಮಾ ಬೇಕಿದ್ದರೆ ವರದಿಯಲ್ಲಿ ಹಾಕಿಕೊಳ್ಳಲಿ, ದತ್ತಾಂಶದಲ್ಲಿ ಬೇಡ.

ಪ್ರೋಗ್ರಾಂ ಬರೆಯುವವರು ಫೈಲ್ ತೆರೆಯುವ ಪ್ರತಿ ಸಾಲಿನಲ್ಲೂ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಬೇಕು. ಭಾಷೆಗಳೂ ಈ ದಾರಿಗೆ ಬರುತ್ತಿವೆ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8ನ್ನೇ ಎಲ್ಲ ಕಂಪ್ಯೂಟರಿನಲ್ಲೂ ಮೂಲ ಆಯ್ಕೆಯಾಗಿಸಿದ್ದಾರೆ. ಪೈಥಾನ್‌ನಲ್ಲಿ 3.15ನೇ ಆವೃತ್ತಿಯಿಂದ ಹಾಗೆ ಮಾಡುವುದೆಂದು ತೀರ್ಮಾನವಾಗಿದೆ. ಆದರೆ ಹಳೆಯ ಆವೃತ್ತಿಗಳು ಕಚೇರಿಗಳಲ್ಲಿ ಇನ್ನೂ ಎಷ್ಟೋ ವರ್ಷ ಇರುತ್ತವೆ, ಹಾಗಾಗಿ ಹೇಳಿಬಿಡುವುದೇ ಕ್ಷೇಮ.

ಫೈಲಿನ ಜೊತೆಗೆ ಒಂದು ಸಣ್ಣ ಟಿಪ್ಪಣಿ ಹೋಗಬೇಕು. ಲಿಪಿಸಂಕೇತ ಯಾವುದು, ಸಾಲುಕೊನೆ ಯಾವುದು, ದಿನಾಂಕದ ಕ್ರಮ ಏನು, ಪ್ರತಿ ಕಾಲಮ್ಮಿನ ಅರ್ಥ ಮತ್ತು ಅಳತೆ ಏನು, ಖಾಲಿ ಕೋಶವೆಂದರೆ ಸೊನ್ನೆಯೋ ಮಾಹಿತಿ ಇಲ್ಲವೆಂದೋ. ಕೊನೆಯಲ್ಲಿ ಒಟ್ಟು ಸಾಲುಗಳ ಸಂಖ್ಯೆ, ಮೊತ್ತದ ಕಾಲಮ್ಮಿನ ಒಟ್ಟು, ಎಸ್‌ಎಚ್‌ಎ-256ರ ಉತ್ತರ. ಪಡೆದವರು ಮೊದಲು ಇವನ್ನು ತಾಳೆ ನೋಡಬೇಕು. ಬ್ರಿಟನ್ನಿನ ಆ ಪ್ರಕರಣದಲ್ಲಿ ಕಳಿಸಿದ ಸಾಲೆಷ್ಟು, ತುಂಬಿದ ಸಾಲೆಷ್ಟು ಎಂಬ ತಾಳೆ ಪ್ರತಿ ದಿನ ನಡೆದಿದ್ದರೆ ಕಳೆದುಹೋದ ಸಾಲುಗಳು ಮೊದಲ ದಿನವೇ ಕಾಣುತ್ತಿದ್ದವು.

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವಾಗ ಅಂದವಾಗಿ ಒಪ್ಪ ಮಾಡಿದ ಫೈಲ್ ಕೊಡುತ್ತೇವೆ. ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದ ಮೊದಲ ವಾರ ಎದುರಿಸುವುದು ಹಾಗೆ ಒಪ್ಪವಾಗಿಲ್ಲದ ಫೈಲನ್ನು. ಬೇರೆ ಬೇರೆ ಕಂಪ್ಯೂಟರಿನಲ್ಲಿ ತಯಾರಾದ, ಕನ್ನಡವಿರುವ, ಬೇಕೆಂದೇ ಕೆಡಿಸಿದ ಫೈಲುಗಳನ್ನು ಕೊಟ್ಟು ಕೆಡುಕಿನ ಬಗೆಯನ್ನು ಗುರುತಿಸುವುದನ್ನು ಲ್ಯಾಬಿನಲ್ಲೇ ಕಲಿಸಬೇಕು. ದತ್ತಾಂಶ ಪ್ರಕಟಿಸುವ ಇಲಾಖೆಗಳೂ ಯುಟಿಎಫ್-8 ಮತ್ತು ಟಿಪ್ಪಣಿ ಇಲ್ಲದ ಫೈಲನ್ನು ಹೊರಬಿಡಬಾರದು. ಕನ್ನಡದಲ್ಲಿ ದತ್ತಾಂಶ ಇಟ್ಟರೆ ತೊಂದರೆ, ಇಂಗ್ಲಿಷಿನಲ್ಲೇ ಇಡೋಣ ಎಂಬ ಸೋಮಾರಿತನಕ್ಕೆ ಈಗ ಯಾವ ತಾಂತ್ರಿಕ ಕಾರಣವೂ ಉಳಿದಿಲ್ಲ.

ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಪಿಂಚಣಿಗೆ ಕಾಯುವ, ಅಂಕಪಟ್ಟಿಗೆ ಕಾಯುವ, ಪರೀಕ್ಷಾ ವರದಿಗೆ ಕಾಯುವ ಒಬ್ಬ ವ್ಯಕ್ತಿಯಿದ್ದಾರೆ. ಅವರ ಹೆಸರು ಹೊಂದಿಕೆಯಾಗಲಿಲ್ಲ ಎಂದು ತಂತ್ರಾಂಶ ಹೇಳಿದಾಗ ಓಡಾಡಬೇಕಾದವರು ಅವರೇ. ಆದ್ದರಿಂದ ಫೈಲ್ ತಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆದರೆ ಕಳಿಸಿದವರ ಕೆಲಸ ಮುಗಿಯುವುದಿಲ್ಲ. ಪಡೆದವರ ಕಂಪ್ಯೂಟರಿನಲ್ಲಿ, ಅದೇ ಸಾಲುಗಳು, ಅದೇ ಮೊತ್ತ, ಅದೇ ಕೋಲಾರ ಕಂಡ ಮೇಲೆಯೇ ಅದು ಮುಗಿಯುವುದು.